ಶಾಲೆ ಮೈದಾನದ ಪಕ್ಕ ಮನೆ ಇರುವವರು ಶಾಲೆಯನ್ನು ಏನಂತ ಕೇಳಬೇಕು?

ಮೈದಾನದ ಹಿಂದಿನ ಮನೆ

ನಮ್ಮ ಹಿತ್ತಲ ಗೋಡೆಯೇ ಶಾಲೆಯ ಕಾಂಪೌಂಡು. ಆಚೆ ಕಡೆ ಆಟದ ಮೈದಾನ. ಮಕ್ಕಳ ಗದ್ದಲದ ಬಗ್ಗೆ ನನ್ನದೇನೂ ತಕರಾರಿಲ್ಲ. ಆಟದ ಪೀರಿಯಡ್ಡಿನಲ್ಲಿ ಕೂಗಾಡದ ಮಕ್ಕಳು ಎಲ್ಲಾದರೂ ಉಂಟೇ? ಕತ್ತಲಾಗುವವರೆಗೆ ಆಡಿ ಮನೆಗೆ ಹೋಗುತ್ತಿದ್ದರು. ನಮ್ಮ ಬೀದಿಯಲ್ಲಿ ಯಾರೂ ಅದನ್ನು ತೊಂದರೆ ಅಂದುಕೊಂಡಿರಲಿಲ್ಲ.

ಮೈದಾನ ಹೊಸದಾದ ಮೇಲೆ ಕಷ್ಟ ಶುರುವಾಯಿತು. ನಮ್ಮ ಗೋಡೆಗೆ ಅಂಟಿಕೊಂಡ ಹಾಗೆ ಒಂದು ಕೋರ್ಟ್ ಮಾಡಿದರು. ಸುತ್ತ ಕಬ್ಬಿಣದ ಜಾಲರಿ ಹಾಕಿದರು. ನಾಲ್ಕು ಮೂಲೆಗೆ ಫ್ಲಡ್‌ಲೈಟ್ ನಿಲ್ಲಿಸಿದರು. ಶಾಲೆ ಬಿಟ್ಟ ಮೇಲೆ ಅದನ್ನು ಗಂಟೆ ಲೆಕ್ಕದಲ್ಲಿ ಹೊರಗಿನವರಿಗೆ ಬಾಡಿಗೆಗೆ ಕೊಡುತ್ತಾರೆ. ಆಡುವವರೆಲ್ಲ ದೊಡ್ಡವರು. ರಾತ್ರಿ ಹತ್ತು ದಾಟಿದರೂ ಮುಗಿಯುವುದಿಲ್ಲ. ಚೆಂಡು ಬಡಿದಾಗಲೆಲ್ಲ ಇಡೀ ಜಾಲರಿ ಝಣಝಣ ಅನ್ನುತ್ತದೆ. ಅಮ್ಮನ ಕೋಣೆ ಆ ಕಡೆಗೇ ಇದೆ. ಲೈಟ್ ಆರಿಸಿ ಮಲಗಿದರೂ ಕಿಟಕಿ ಸರಳಿನ ನೆರಳು ಎದುರು ಗೋಡೆಯ ಮೇಲೆ ಕಪ್ಪಗೆ ಬಿದ್ದಿರುತ್ತದೆ. ಮಾತ್ರೆ ಶೀಟಿನ ಹಿಂದಿರುವ ಸಣ್ಣ ಅಕ್ಷರವನ್ನೂ ಆ ಬೆಳಕಿನಲ್ಲಿ ಓದಬಹುದು.

ಬೀದಿಯವರು ಸೇರಿ ಒಂದು ಮನವಿ ಬರೆದಿದ್ದಾರೆ. ಅದರಲ್ಲಿ "ಮೈದಾನದ ಚಟುವಟಿಕೆ ನಿಲ್ಲಿಸಬೇಕು" ಅಂತಿದೆ. ಅದಕ್ಕೆ ಸಹಿ ಹಾಕಲು ನನಗೆ ಮನಸ್ಸು ಬರುತ್ತಿಲ್ಲ. ಮಕ್ಕಳ ಆಟಕ್ಕೆ ಕಲ್ಲು ಹಾಕಬಾರದು. ಹಾಗಂತ ಅಮ್ಮನ ನಿದ್ದೆ ಬಿಟ್ಟುಕೊಡುವುದಕ್ಕೂ ಆಗುವುದಿಲ್ಲ. ಏನಂತ ಕೇಳಿದರೆ ಕೆಲಸ ಆಗುತ್ತದೆ? ಇಂಥದ್ದನ್ನು ಕಂಡವರು, ಇದರ ಕೆಲಸ ಗೊತ್ತಿರುವವರು ಹೇಳಿ.

ಪಿಟಿ ಮೇಷ್ಟ್ರು

ಸಹಿ ಹಾಕದೆ ಇದ್ದದ್ದು ಒಳ್ಳೆಯದಾಯಿತು. "ಚಟುವಟಿಕೆ ನಿಲ್ಲಿಸಿ" ಅಂತ ಮನವಿ ಬಂದರೆ ಶಾಲೆ ಮೊದಲು ಕೈಬಿಡುವುದು ದುಡ್ಡು ತರದ ಚಟುವಟಿಕೆಯನ್ನು. ಅಂದರೆ ಮಕ್ಕಳ ಸಂಜೆಯ ಅಭ್ಯಾಸ. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಹೀಗೇ ಆಯಿತು. ಅಕ್ಕಪಕ್ಕದವರು ದೂರು ಕೊಟ್ಟರು. ಹುಡುಗಿಯರ ವಾಲಿಬಾಲ್ ಅಭ್ಯಾಸ ನಿಂತಿತು, ಬಾಡಿಗೆ ಆಟ ಹಾಗೇ ಮುಂದುವರಿಯಿತು. ಆ ಹುಡುಗಿಯರಿಗೆ ಸಿಗುತ್ತಿದ್ದದ್ದು ಸಂಜೆಯ ಹೊತ್ತು ಮಾತ್ರ. ಬೆಳಿಗ್ಗೆ ಕೋರ್ಟ್ ಬೇರೆ ತಂಡದ ಪಾಲು. ಆ ತಂಡ ಮತ್ತೆ ಒಟ್ಟಾಗಲೇ ಇಲ್ಲ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರದೇ 2016ರ ಅಂಕಿ ಪ್ರಕಾರ 11ರಿಂದ 17 ವರ್ಷದವರಲ್ಲಿ ಶೇ. 81ರಷ್ಟು ಮಂದಿ ಅಷ್ಟು ಓಡಾಡುವುದಿಲ್ಲ. ಎಷ್ಟೋ ಮಕ್ಕಳಿಗೆ ಓಡುವ ಜಾಗ ಅಂತ ಇರುವುದು ಶಾಲೆ ಮೈದಾನ ಒಂದೇ. ಅದಕ್ಕೇ ನಿಮ್ಮ ಮನವಿಯಲ್ಲಿ ಮಕ್ಕಳ ಆಟವನ್ನೂ ಬಾಡಿಗೆ ಆಟವನ್ನೂ ಬೇರೆ ಬೇರೆ ಮಾಡಿ ಬರೆಯಿರಿ. ಆಗ ನಮ್ಮಂಥ ಮೇಷ್ಟ್ರುಗಳೂ ನಿಮ್ಮ ಪರ ನಿಲ್ಲುತ್ತೇವೆ.

ರಾತ್ರಿ ಪಾಳಿ

ನಾನು ನರ್ಸ್. ರಾತ್ರಿ ಡ್ಯೂಟಿ ಮುಗಿಸಿ ಬಂದು ಹಗಲು ಮಲಗುತ್ತೇನೆ. ಹಾಗಾಗಿ ನನ್ನ ಕಷ್ಟ ನಿಮ್ಮದಕ್ಕೆ ತಿರುವುಮುರುವು. ಮಕ್ಕಳ ಕೂಗಿಗೆ ಒಗ್ಗಿಹೋಗಿದ್ದೇನೆ. ಅದು ಒಂದೇ ಸಮನೆ ಬರುತ್ತದೆ, ನಿದ್ದೆ ಹತ್ತುತ್ತದೆ. ಎಬ್ಬಿಸುವುದು ಧ್ವನಿವರ್ಧಕ. ಕ್ರೀಡಾಕೂಟ ಹತ್ತಿರ ಬಂದಾಗ "ಹಲೋ ಹಲೋ ಮೈಕ್ ಟೆಸ್ಟಿಂಗ್" ಅಂತ ಶುರುವಾದರೆ, ಎರಡು ಕಾಲಂ ಸ್ಪೀಕರಿನ ಬಾಯಿ ನೇರವಾಗಿ ನಮ್ಮ ಕಟ್ಟಡದ ಕಡೆಗೆ.

ನಿಲ್ಲಿಸಿ ಅಂತ ನಾನು ಹೇಗೆ ಕೇಳಲಿ? ವರ್ಷಕ್ಕೊಮ್ಮೆ ಬರುವ ಮಕ್ಕಳ ಹಬ್ಬ ಅದು. ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಅಂತ ಮುಂಚೆಯೇ ಗೇಟಿನ ಮೇಲೆ ಬರೆದು ಅಂಟಿಸಿದರೆ ಸಾಕು. ಪಾಳಿ ಬದಲಾಯಿಸಿಕೊಳ್ಳುತ್ತೇನೆ, ಇಲ್ಲಾಂದರೆ ತಂಗಿ ಮನೆಗೆ ಹೋಗಿ ಮಲಗುತ್ತೇನೆ. ಗೊತ್ತಿಲ್ಲದೆ ಬರುವ ಸದ್ದೇ ಜಾಸ್ತಿ ಕಾಡುತ್ತದೆ.

ಶಬ್ದ ಅಳೆಯುವ ಕೆಲಸ

ಕಟ್ಟಡಗಳ ಒಳಗೂ ಹೊರಗೂ ಶಬ್ದ ಅಳೆಯುವುದೇ ನನ್ನ ಹೊಟ್ಟೆಪಾಡು. ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಮೀಟರಿನಲ್ಲಿ ಒಂದೇ ಸರಾಸರಿ ತೋರಿಸುವ ಎರಡು ಸದ್ದುಗಳಲ್ಲಿ, ಥಟ್ಟನೆ ಬಡಿದು ನಿಲ್ಲುವ ಸದ್ದು ಜನರಿಗೆ ಜಾಸ್ತಿ ಹಿಂಸೆ ಕೊಡುತ್ತದೆ. ಶಬ್ದ ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಓ 1996ರಲ್ಲಿ ಇದಕ್ಕೇ ಒಂದು ಲೆಕ್ಕ ಇದೆ. ಬಡಿತದಂಥ ಸದ್ದಾದರೆ ಅಳತೆಗೆ 5 ಡೆಸಿಬೆಲ್ ಕೂಡಿಸಿ ನೋಡಬೇಕು. ಸುತ್ತಿಗೆ ಏಟಿನಂಥ ತೀರಾ ಜೋರು ಬಡಿತಕ್ಕೆ 12 ಕೂಡಿಸುತ್ತಾರೆ. ಪಿಕಲ್‌ಬಾಲ್ ಅನ್ನುವ ಟೆನಿಸ್ ಥರದ ಆಟ ಬಂದ ಎಷ್ಟೋ ಕಡೆ ಅಕ್ಕಪಕ್ಕದವರ ಜಗಳ ಬಂದಿರುವುದೂ ಇದಕ್ಕೇ. ಗಟ್ಟಿ ಬ್ಯಾಟು, ಗಟ್ಟಿ ಪ್ಲಾಸ್ಟಿಕ್ ಚೆಂಡು, ಟಕ್ ಟಕ್ ಅಂತ ಬಿಡುವಿಲ್ಲದೆ ಬರುವ ಸದ್ದು.

ಈಗ ನಿಮ್ಮ ಜಾಲರಿಯ ವಿಷಯ ಸರ್. ಇದು ಇಡೀ ಸಮಸ್ಯೆಯಲ್ಲಿ ಸುಲಭದ ಭಾಗ. ಸ್ಟೀಲ್ ತಟ್ಟೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದು ಬಡಿದರೆ ಸದ್ದು ಅಡಗುತ್ತದೆ, ತುದಿ ಹಿಡಿದು ಬಡಿದರೆ ಗಂಯ್ ಅನ್ನುತ್ತದೆ. ಜಾಲರಿಯೂ ಅಷ್ಟೇ. ಪ್ಯಾನಲ್ಲನ್ನು ಕಂಬಕ್ಕೆ ಕಬ್ಬಿಣದ ಕ್ಲಾಂಪಿನಲ್ಲಿ ನೇರ ಬಿಗಿದಿರುತ್ತಾರೆ. ದಿನ ಕಳೆದ ಹಾಗೆ ಬೋಲ್ಟ್ ಸಡಿಲ ಆಗುತ್ತದೆ. ಒಂದು ಸಂಜೆ ಕೋರ್ಟ್ ಖಾಲಿ ಇದ್ದಾಗ ಹೋಗಿ ಪ್ರತಿ ಕಂಬದ ಹತ್ತಿರ ಜಾಲರಿಯನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಕಂಬಕ್ಕೆ ತಾಗಿ ಕಟಕಟ ಅಂದ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಲ್ಲೆಲ್ಲ ಪ್ಯಾನಲ್ಲಿಗೂ ಕಂಬಕ್ಕೂ ನಡುವೆ ದಪ್ಪ ರಬ್ಬರ್ ವಾಷರ್ ಕೂರಿಸಿ ಮತ್ತೆ ಬಿಗಿಯಬೇಕು. ನಿಯೋಪ್ರೀನ್ ಅನ್ನುವ ರಬ್ಬರ್ ಆದರೆ ಬಿಸಿಲು ಮಳೆಗೆ ಬೇಗ ಹಾಳಾಗುವುದಿಲ್ಲ. ಗೋಲಿನ ಹಿಂದಿನ ಪ್ಯಾನಲ್‌ಗಳಿಗೆ ಏಟು ಜಾಸ್ತಿ ಬೀಳುತ್ತದೆ. ಅಲ್ಲಿ ಜಾಲರಿಗಿಂತ ಒಂದಡಿ ಒಳಗೆ ದಪ್ಪ ನೈಲಾನ್ ಬಲೆ ಇಳಿಬಿಟ್ಟರೆ ಚೆಂಡು ಕಬ್ಬಿಣ ಮುಟ್ಟುವುದೇ ಇಲ್ಲ. ಬ್ಯಾಸ್ಕೆಟ್‌ಬಾಲ್ ಬೋರ್ಡಿನ ಸಡಿಲ ಬೋಲ್ಟನ್ನೂ ಅದೇ ದಿನ ನೋಡಿಸಿ.

ಮೂರನೇ ಮಹಡಿ

ನಮ್ಮ ಕಡೆಯೂ ಇದೇ ಕಥೆ. ಅಸೋಸಿಯೇಷನ್ನಿನವರು ಶಾಲೆಗೆ ಗೋಡೆ ಎತ್ತರಿಸಿ, ಸಾಲಾಗಿ ಮರ ನೆಡಿ ಅಂತ ಬರೆಯುತ್ತಿದ್ದಾರೆ. ಪ್ರಯೋಜನ ಆಗುತ್ತದಾ?

ಶಬ್ದ ಅಳೆಯುವ ಕೆಲಸ

ಮೂರನೇ ಮಹಡಿಗೆ ಆಗುವುದಿಲ್ಲ. ನಿಮ್ಮ ಕಿಟಕಿಯಲ್ಲಿ ನಿಂತು ನೋಡಿ. ಆಡುವವರು ಕಣ್ಣಿಗೆ ಕಂಡರೆ ಸದ್ದೂ ಕಿವಿಗೆ ನೇರವಾಗಿ ಬರುತ್ತದೆ. ಗೋಡೆ ಆ ನೋಟವನ್ನು ಆಗಷ್ಟೇ ಮರೆಮಾಡುವಷ್ಟು ಎತ್ತರ ಇದ್ದರೆ ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ಇನ್ನೂ ಎತ್ತರಿಸಿದರೆ 10ರವರೆಗೆ ಹೋಗಬಹುದು. ನೆಲಮಹಡಿಯವರಿಗೆ ಇದು ನಿಜಕ್ಕೂ ದೊಡ್ಡ ಉಪಕಾರ, 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧ ಆದಂತೆ ಅನಿಸುತ್ತದೆ. ಆದರೆ ಗೋಡೆಯಲ್ಲಿ ಸಂದು ಇರಬಾರದು, ತಗಡಿನಂತೆ ಹಗುರ ಇರಬಾರದು.

ಮರ ನೆಡಲಿ, ನೆರಳಿಗೆ ಒಳ್ಳೆಯದು, ದೂಳಿಗೂ ಒಳ್ಳೆಯದು. ಶಬ್ದಕ್ಕೆ ಮಾತ್ರ ಒಂದು ಸಾಲು ಮರ ಸಾಲದು. 5 ಡೆಸಿಬೆಲ್ ಇಳಿಯಬೇಕಾದರೆ ನೆಲದಿಂದಲೇ ದಟ್ಟವಾಗಿ ಬೆಳೆದ ತೋಪು ಹತ್ತಿರ ಹತ್ತಿರ 30 ಮೀಟರ್ ಅಗಲಕ್ಕೆ ಬೇಕು. ಅಷ್ಟು ಜಾಗ ಇದ್ದರೆ ಕೋರ್ಟನ್ನೇ ಆಚೆ ಸರಿಸಬಹುದಲ್ವಾ? ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಯಿಂದ 5 ಮೀಟರ್ ಇದ್ದ ಕೋರ್ಟ್ 20 ಮೀಟರಿಗೆ ಹೋದರೆ ನೆಲಮಹಡಿಗೆ 12 ಡೆಸಿಬೆಲ್ ಲಾಭ, ಮೇಲಿನ ಮಹಡಿಗಳಿಗೆ ಅದಕ್ಕಿಂತ ಕಡಿಮೆ, ಆದರೂ ಲಾಭವೇ. ಇನ್ನೂ ಕಟ್ಟದ ಕೋರ್ಟಾದರೆ ನಕ್ಷೆ ಹಂತದಲ್ಲೇ ಹೋಗಿ ಇದನ್ನು ಹೇಳಿ. ಕಾಂಕ್ರೀಟ್ ಬಿದ್ದ ಮೇಲೆ ಯಾರೂ ಕೇಳುವುದಿಲ್ಲ.

ಇಬ್ಬರು ಮಕ್ಕಳ ಅಮ್ಮ

ಇಷ್ಟೆಲ್ಲ ಡೆಸಿಬೆಲ್ ಲೆಕ್ಕ ಓದಿದರೆ ನನಗೆ ಬೇಜಾರಾಗುತ್ತದೆ. ಮನೆಯೊಳಗೆ ಓಡಬೇಡಿ ಅಂತೀವಿ, ರಸ್ತೆಯಲ್ಲಿ ಗಾಡಿ ಅಂತೀವಿ, ಈಗ ಮೈದಾನದಲ್ಲಿ ಸದ್ದು ಮಾಡಬೇಡಿ ಅನ್ನುವುದೊಂದು ಬಾಕಿ ಇತ್ತು. ಮಕ್ಕಳು ಎಲ್ಲಿಗೆ ಹೋಗಬೇಕು?

ಮೈದಾನದ ಹಿಂದಿನ ಮನೆ

ಅಕ್ಕಾ, ನಾನು ಕೇಳುತ್ತಿರುವುದೂ ಅದನ್ನೇ. ಮಕ್ಕಳಿಗೆ ತೊಂದರೆ ಆಗದ ಹಾಗೆ ರಾತ್ರಿಯ ಬಾಡಿಗೆ ಆಟವನ್ನು ಹತೋಟಿಗೆ ತರುವುದು ಹೇಗೆ?

ಕಾನೂನು ಓದಿದವಳು

ಈ ಎರಡನ್ನೂ ಬೇರೆ ಮಾಡಿ ನೋಡುವುದು ಹೊಸದಲ್ಲ. ಜರ್ಮನಿಯಲ್ಲಿ 2011ರಲ್ಲಿ ಕಾನೂನು ತಿದ್ದಿದರು. ಶಿಶುವಿಹಾರ, ಮಕ್ಕಳ ಆಟದ ಜಾಗ, ಚೆಂಡಾಟದ ಅಂಗಳ, ಇಂಥ ಕಡೆ ಮಕ್ಕಳು ಮಾಡುವ ಸದ್ದನ್ನು ಸಾಮಾನ್ಯವಾಗಿ ಹಾನಿಕರ ಅಂತ ಎಣಿಸುವ ಹಾಗಿಲ್ಲ. ಡೆಸಿಬೆಲ್ ಮಿತಿ ಹಿಡಿದು ಅದನ್ನು ಅಳೆಯುವ ಹಾಗೂ ಇಲ್ಲ. ಕ್ರೀಡಾಂಗಣಗಳಿಗೆ ಅಲ್ಲಿ 1991ರಿಂದಲೇ ಬೇರೆ ನಿಯಮ ಇದೆ. ಹಗಲಿಗೆ ಒಂದು ಮಿತಿ, ರಾತ್ರಿಗೆ ಅದಕ್ಕಿಂತ ಬಿಗಿ ಮಿತಿ. ನಿಮಗೆ ಬೇಕಾದ ಮಾತೂ ಅದರಲ್ಲೇ ಇದೆ. ಒಂದೇ ಅಂಗಣವನ್ನು ಶಾಲೆಯೂ ಹೊರಗಿನವರೂ ಬಳಸಿದರೆ, ಶಬ್ದದ ಲೆಕ್ಕ ಹಾಕುವಾಗ ಶಾಲೆಯ ಆಟವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಎಣಿಸಬೇಕು.

ಟೋಕಿಯೋದಲ್ಲೂ 2015ರಲ್ಲಿ ಶಾಲೆಗೆ ಸೇರುವ ವಯಸ್ಸಿಗಿಂತ ಚಿಕ್ಕ ಮಕ್ಕಳ ಧ್ವನಿಯನ್ನು ಶಬ್ದದ ಮಿತಿಯಿಂದ ಹೊರಗಿಟ್ಟರು. ಭಾರತದ 2000ನೇ ಇಸವಿಯ ಶಬ್ದ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಅಂತಿದೆ. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ.

ಹೊಸ ಸದಸ್ಯ

ಒಂದು ಮಾತು ಹೇಳಲೇಬೇಕು. ಶಾಲೆ ಮೊದಲೇ ಇತ್ತು. ಮೈದಾನದ ಪಕ್ಕ ಅಂತ ಗೊತ್ತಿದ್ದೇ ಮನೆ ಕೊಂಡಿರುತ್ತೀರಿ. ಆಮೇಲೆ ಸದ್ದು ಅಂದರೆ ಹೇಗೆ?

ಕಾನೂನು ಓದಿದವಳು

ಈ ವಾದ ಇಂಗ್ಲೆಂಡಿನ ಕೋರ್ಟುಗಳಲ್ಲಿ ಬಹಳ ಹಿಂದೆಯೇ ಬಂದಿದೆ. "ತೊಂದರೆ ಇರುವ ಕಡೆಗೆ ನೀವೇ ಬಂದಿರಿ" ಅನ್ನುವುದು ಅಲ್ಲಿ ಸಮರ್ಥನೆ ಆಗುವುದಿಲ್ಲ. 1879ರ ಸ್ಟರ್ಜಸ್ ವಿರುದ್ಧ ಬ್ರಿಡ್ಜ್‌ಮನ್ ಪ್ರಕರಣದಿಂದ ಇದು ನಡೆದುಬಂದಿದೆ.

ಮೈದಾನಕ್ಕೆ ನೇರ ಸಂಬಂಧಪಟ್ಟ ಎರಡು ಪ್ರಕರಣ ಓದಿಕೊಳ್ಳುವಂತಿವೆ. ಎರಡೂ ಕ್ಲಬ್ಬಿನ ಮೈದಾನಗಳು, ಶಾಲೆಯವಲ್ಲ, ಆದರೂ ವಿಷಯ ಅದೇ. 1951ರ ಬೋಲ್ಟನ್ ವಿರುದ್ಧ ಸ್ಟೋನ್. ಕ್ರಿಕೆಟ್ ಚೆಂಡು ಬೇಲಿ ದಾಟಿ ರಸ್ತೆಯಲ್ಲಿದ್ದ ಹೆಂಗಸಿಗೆ ಬಡಿಯಿತು. ಸುಮಾರು 30 ವರ್ಷದಲ್ಲಿ ಚೆಂಡು ಹಾಗೆ ಆಚೆ ಹೋದದ್ದು ಆರು ಸಲದಷ್ಟು ಮಾತ್ರ. ಅಪಾಯ ಅಷ್ಟು ಸಣ್ಣದಾಗಿದ್ದರಿಂದ ಕ್ಲಬ್ಬಿನದು ನಿರ್ಲಕ್ಷ್ಯ ಅಲ್ಲ ಅಂತ ತೀರ್ಪಾಯಿತು. 1977ರ ಮಿಲ್ಲರ್ ವಿರುದ್ಧ ಜ್ಯಾಕ್ಸನ್ ಇನ್ನೊಂದು. ಸುಮಾರು 70 ವರ್ಷದಿಂದ ಆಟ ನಡೆಯುತ್ತಿದ್ದ ಹಳ್ಳಿ ಮೈದಾನದ ಪಕ್ಕ ಹೊಸ ಮನೆಗಳು ಬಂದವು. ಚೆಂಡು ಮತ್ತೆ ಮತ್ತೆ ಹಿತ್ತಲಿಗೆ ಬೀಳುತ್ತಿತ್ತು. ಮನೆಯವರಿಗೆ ತೊಂದರೆ ಆಗುತ್ತಿದೆ ಅಂತ ಕೋರ್ಟಿನ ಬಹುಮತ ಒಪ್ಪಿತು, ಪರಿಹಾರವನ್ನೂ ಕೊಡಿಸಿತು. ಆಟ ನಿಲ್ಲಿಸಿ ಅಂತ ಮಾತ್ರ ಆದೇಶ ಕೊಡಲಿಲ್ಲ. ನಮ್ಮ ಮಾತುಕತೆಗೂ ಇದು ಸರಿಯಾದ ದಾರಿ ಅಂತ ನನಗನಿಸುತ್ತದೆ. ಮೊದಲು ಬಂದವರು ಯಾರು ಅನ್ನುವ ಜಗಳದಲ್ಲಿ ಚೆಂಡು ನಿಲ್ಲುವುದಿಲ್ಲ, ಬಲೆ ಹಾಕಿದರೆ ನಿಲ್ಲುತ್ತದೆ.

ಇನ್ನೂ ಒಂದು. ಇವರ ವಿಷಯದಲ್ಲಿ ಮೈದಾನ ಮೊದಲೇ ಇತ್ತು ನಿಜ. ಫ್ಲಡ್‌ಲೈಟ್ ಬಂದದ್ದು, ಬಾಡಿಗೆ ಶುರುವಾದದ್ದು ಆಮೇಲೆ. ಮನೆ ಕೊಳ್ಳುವಾಗ ಅದು ಯಾರಿಗೆ ಗೊತ್ತಿತ್ತು?

ಹೊಸ ಸದಸ್ಯ

ಬಾಡಿಗೆ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಆ ದುಡ್ಡಿನಲ್ಲೇ ಎಷ್ಟೋ ಶಾಲೆಗಳು ಮೈದಾನ ನೋಡಿಕೊಳ್ಳುತ್ತವೆ, ಅದನ್ನೂ ಮರೆಯಬೇಡಿ.

ದೀಪದ ಕೆಲಸ

ಬೆಳಕಿನ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲ. ನಾನು ಮೈದಾನಗಳಿಗೆ ಲೈಟ್ ಹಾಕಿಸುವ ಕೆಲಸ ಮಾಡುತ್ತೇನೆ.

ಕಿಟಕಿಯ ಮೇಲೆ ಬೀಳುವ ಬೆಳಕಿಗೆ ಸಿಐಇ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾರ್ಗಸೂಚಿ ಇದೆ, ಸಿಐಇ 150 ಅಂತ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಸಾಮಾನ್ಯ ವಸತಿ ಬಡಾವಣೆಗೆ ಸಂಜೆ 10 ಲಕ್ಸ್, ರಾತ್ರಿ ನಿಗದಿ ಹೊತ್ತಿನ ನಂತರ 2 ಲಕ್ಸ್ ಮೀರಬಾರದು. ಹುಣ್ಣಿಮೆ ಬೆಳದಿಂಗಳು ಕಾಲು ಲಕ್ಸಿನಷ್ಟೇ ಇರುತ್ತದೆ. ಮಾತ್ರೆ ಶೀಟಿನ ಅಕ್ಷರ ಓದುವಷ್ಟಿದ್ದರೆ 2 ಲಕ್ಸ್ ಖಂಡಿತ ದಾಟಿದೆ ಅಂತ ನನ್ನ ಅಂದಾಜು. ಲಕ್ಸ್ ಮೀಟರನ್ನು ಕಿಟಕಿ ಗಾಜಿಗೆ ಒತ್ತಿ, ಮೈದಾನದ ಕಡೆಗೆ ಮುಖ ಮಾಡಿ ಅಳೆಯಬೇಕು. ಲೈಟ್ ಇದ್ದಾಗ ಒಮ್ಮೆ, ಆರಿದ ಮೇಲೆ ಒಮ್ಮೆ. ಎರಡರ ವ್ಯತ್ಯಾಸವೇ ಮೈದಾನದ ಪಾಲು. ಫೋನಿನ ಆ್ಯಪ್ ಕರಾರುವಾಕ್ಕಾಗಿ ತೋರಿಸುವುದಿಲ್ಲ, ಆದರೂ ಮಾತು ಶುರು ಮಾಡುವುದಕ್ಕೆ ಸಾಕು.

ಸರಿಪಡಿಸುವುದು ಹೇಗೆ? ಮೊದಲು ದೀಪದ ಬಾಗು ನೋಡಿ. ಕಂಬ ಗಿಡ್ಡ ಇದ್ದರೆ ಆಚೆ ಮೂಲೆಗೆ ಬೆಳಕು ಮುಟ್ಟಲಿ ಅಂತ ದೀಪದ ಮುಖವನ್ನು ಮೇಲಕ್ಕೆತ್ತಿರುತ್ತಾರೆ. ಆ ಬೆಳಕೇ ನೇರ ಮನೆಗಳೊಳಗೆ ಬರುವುದು. ಹೊಸದಾಗಿ ಹಾಕುವಾಗ ನೆರೆಯವರು "ಕಂಬ ಗಿಡ್ಡ ಇರಲಿ" ಅಂತ ಹಟ ಹಿಡಿಯುತ್ತಾರೆ, ಅದು ಅವರಿಗೇ ತಿರುಗುಬಾಣ. ಎತ್ತರದ ಕಂಬದಿಂದ ದೀಪವನ್ನು ಕೆಳಮುಖವಾಗಿ ಇಳಿಸಬಹುದು, ಮೈದಾನದಾಚೆ ಚೆಲ್ಲುವುದು ಕಡಿಮೆ ಆಗುತ್ತದೆ. ಈಗ ಇರುವ ದೀಪಕ್ಕಾದರೆ ನಿಮ್ಮ ಮನೆ ಕಡೆಗೆ ತಗಡಿನ ಮರೆ ಕೂರಿಸಬಹುದು. ಏಣಿ ಹಾಕಿದರೆ ಒಂದೇ ದಿನದ ಕೆಲಸ. ಬಲ್ಬಿನ ಬಣ್ಣವೂ ಮುಖ್ಯ. ನೀಲಿ ಮಿಶ್ರಿತ ಬಿಳಿ ಎಲ್‌ಇಡಿ ನಿದ್ದೆಗೆ ಜಾಸ್ತಿ ಕೆಡುಕು. ರಾತ್ರಿಯಾಯಿತು ಅಂತ ದೇಹಕ್ಕೆ ತಿಳಿಸುವ ಮೆಲಟೋನಿನ್ ಹಾರ್ಮೋನನ್ನು ತಡೆಹಿಡಿಯುವುದು ಆ ನೀಲಿ ಅಂಶವೇ. ಬದಲಾಯಿಸುವ ಹೊತ್ತು ಬಂದಾಗ 3000 ಕೆಲ್ವಿನ್ ಸುತ್ತಮುತ್ತಲಿನ ಬೆಚ್ಚನೆ ಬಣ್ಣ ಕೇಳಿ.

ಇನ್ನೊಂದು ಜನರಿಗೆ ಗೊತ್ತಿಲ್ಲದ ವಿಷಯ. ಯುರೋಪಿನ ಮಾನದಂಡದಲ್ಲಿ ಫುಟ್‌ಬಾಲ್ ಅಭ್ಯಾಸಕ್ಕೆ 75 ಲಕ್ಸ್ ಸಾಕು. ಪಂದ್ಯಕ್ಕೆ 200, ದೊಡ್ಡ ಪಂದ್ಯಕ್ಕೆ 500. ಎಷ್ಟೋ ಕಡೆ ಅಭ್ಯಾಸದ ದಿನವೂ ಎಲ್ಲ ದೀಪ ಉರಿಯುತ್ತಿರುತ್ತದೆ, ಯಾಕೆಂದರೆ ಸ್ವಿಚ್ ಇರುವುದು ಒಂದೇ. ಎರಡು ಸರ್ಕ್ಯೂಟ್ ಮಾಡಿಸಿದರೆ ಶಾಲೆಗೂ ಕರೆಂಟ್ ಬಿಲ್ ಉಳಿಯುತ್ತದೆ. ಅದನ್ನೇ ಮುಂದಿಟ್ಟು ಮಾತಾಡಿ, ಬೇಗ ಕೇಳಿಸಿಕೊಳ್ಳುತ್ತಾರೆ. ದೀಪ ಆರುವುದಕ್ಕೆ ಟೈಮರ್ ಇರಲಿ. ಆರಿಸುವುದು ವಾಚ್‌ಮನ್ ಕೈಯಲ್ಲಿದ್ದರೆ ಆಡುವವರು ಇನ್ನೊಂದು ಆಟ ಅಂತ ದುಂಬಾಲು ಬೀಳುತ್ತಾರೆ. ಪಾಪ, ಅವನೇನು ಮಾಡಿಯಾನು.

ಮೂರನೇ ಮಹಡಿ

ನಮ್ಮಲ್ಲಿ ಬೆಳಗಿನ ಜಾವದ ಕೋಚಿಂಗೂ ಇದೆ. ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ, ಸೀಟಿ ಶುರು. ಹಗಲಲ್ಲಿ ಅದೇ ಸೀಟಿ ಇಷ್ಟು ಜೋರು ಕೇಳುವುದಿಲ್ಲ. ನಮ್ಮ ಭ್ರಮೆಯಾ?

ಶಬ್ದ ಅಳೆಯುವ ಕೆಲಸ

ಭ್ರಮೆ ಅಲ್ಲ. ಬಿಸಿಲಿನ ಹೊತ್ತು ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಣ್ಣಗೆ. ಆಗ ಸದ್ದು ಮೇಲಕ್ಕೆ ಬಾಗಿ ಹೋಗುತ್ತದೆ. ಬೆಳಗಿನ ಜಾವ ತಿರುವುಮುರುವು. ನೆಲದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುತ್ತದೆ. ಸದ್ದು ಕೆಳಕ್ಕೆ ಬಾಗಿ ಬಹಳ ದೂರ ಬರುತ್ತದೆ. ರಸ್ತೆಯೂ ನಿಶ್ಶಬ್ದ ಇರುವುದರಿಂದ ಅದನ್ನು ಮುಚ್ಚುವ ಬೇರೆ ಸದ್ದಿಲ್ಲ. ಸೀಟಿಯ ಸ್ವರ ಬೇರೆ ನಮ್ಮ ಕಿವಿ ತೀರಾ ಚುರುಕಾಗಿರುವ ಜಾಗದಲ್ಲೇ ಇದೆ, 2000ರಿಂದ 4000 ಹರ್ಟ್ಸ್ ನಡುವೆ. ಊದುವವರ ಹತ್ತಿರ 100 ಡೆಸಿಬೆಲ್ ದಾಟುತ್ತದೆ.

ಮಲಗುವ ಕೋಣೆಯಲ್ಲಿ ಒಂದೊಂದು ಸದ್ದು 45 ಡೆಸಿಬೆಲ್ ದಾಟಿದರೆ ನಿದ್ದೆ ಕೆಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಬರೆದಿದೆ. ಸ್ವಲ್ಪ ತೆರೆದ ಕಿಟಕಿ ತಡೆಯುವುದು 15 ಡೆಸಿಬೆಲ್ ಮಾತ್ರ. ಅಂದರೆ ಕಿಟಕಿ ಹೊರಗೆ 60 ದಾಟಿದರೆ ಸಾಕು, ನಿದ್ದೆ ಕೆಡಬಹುದು.

ಪಿಟಿ ಮೇಷ್ಟ್ರು

ಇದಕ್ಕೆ ನಮ್ಮ ಕೈಯಲ್ಲೇ ಪರಿಹಾರ ಇದೆ. ಮೊದಲ ಅರ್ಧ ಗಂಟೆ ಓಟ, ಮೈ ಸಡಿಲಿಸುವ ವ್ಯಾಯಾಮ ಇಟ್ಟುಕೊಂಡರೆ ಸೀಟಿ ಬೇಕಾಗುವುದೇ ಇಲ್ಲ. ಕೈ ಸನ್ನೆ ಸಾಕು, ಮಕ್ಕಳು ಬೇಗ ಕಲಿಯುತ್ತಾರೆ. ಬಿಸಿಲು ಜಾಸ್ತಿ ಇರುವ ಕಾಲದಲ್ಲಿ ಬೆಳಗಿನ ಅಭ್ಯಾಸ ಬಿಡುವುದಕ್ಕೆ ಆಗುವುದಿಲ್ಲ, ಮಕ್ಕಳಿಗೆ ತಲೆ ಸುತ್ತು ಬರುತ್ತದೆ. ಇದನ್ನು ನೆರೆಯವರು ದಯವಿಟ್ಟು ಅರ್ಥ ಮಾಡಿಕೊಳ್ಳಬೇಕು. ಚೆಂಡಿನ ಆಟ, ಸೀಟಿ ಎಲ್ಲ ಬೆಳಕು ಹರಿದ ಮೇಲೆ ಅಂತ ನಮ್ಮಲ್ಲಿ ಮಾಡಿಕೊಂಡಿದ್ದೇವೆ.

ಕ್ರೀಡಾಕೂಟದ ಮೈಕಿಗೂ ಒಂದು ಉಪಾಯ ಇದೆ ಮೇಡಂ. ಒಂದು ತುದಿಯಲ್ಲಿ ದೊಡ್ಡ ಹಾರ್ನ್ ಕಟ್ಟಿ ಇಡೀ ಮೈದಾನಕ್ಕೆ ಕೇಳಿಸಬೇಕು ಅಂದರೆ ಊರಿಗೆಲ್ಲ ಕೇಳುತ್ತದೆ. ಸಣ್ಣ ಸ್ಪೀಕರ್ ನಾಲ್ಕೈದನ್ನು ಮಕ್ಕಳು ಕೂತಿರುವ ಕಡೆ, ಶಾಲೆ ಕಟ್ಟಡಕ್ಕೆ ಮುಖ ಮಾಡಿ ಇಟ್ಟರೆ ಕಡಿಮೆ ದನಿಯಲ್ಲಿ ಎಲ್ಲರಿಗೂ ಕೇಳುತ್ತದೆ.

ರಾತ್ರಿ ಪಾಳಿ

ಇದನ್ನು ನಮ್ಮ ಪಕ್ಕದ ಶಾಲೆಗೆ ಹೇಳುತ್ತೇನೆ ಮೇಷ್ಟ್ರೇ. ಇಷ್ಟು ಸುಲಭ ಅಂತ ಗೊತ್ತಿರಲಿಲ್ಲ.

ಕಾಲುವೆ ಪಕ್ಕದವ

ನಮ್ಮ ಹತ್ತಿರದ ಶಾಲೆ ಮಣ್ಣಿನ ಮೈದಾನ ತೆಗೆದು ಕೃತಕ ಹುಲ್ಲು ಹಾಸುವ ಯೋಚನೆಯಲ್ಲಿದೆ. ದೂಳು ಹೋಗುತ್ತದೆ ಅಂತ ಮೊದಲು ಖುಷಿಪಟ್ಟೆವು. ಈಗ ಅನುಮಾನ. ಮಳೆ ಬಂದರೆ ನೀರೆಲ್ಲ ನಮ್ಮ ಬೀದಿಗೇ ಬರುತ್ತದಾ?

ಶಬ್ದ ಅಳೆಯುವ ಕೆಲಸ

ನನ್ನ ಕ್ಷೇತ್ರ ಅಲ್ಲ, ಆದರೆ ಇಂಥ ಕಡೆ ಕೆಲಸ ಮಾಡಿ ನೋಡಿದ್ದೇನೆ. ಹುಲ್ಲಿನ ಕೆಳಗೆ ಜಲ್ಲಿ ಪದರ ಹಾಕಿ ನೀರು ಇಂಗುವ ಹಾಗೆ ಮಾಡಿದರೆ ತೊಂದರೆ ಕಡಿಮೆ. ಕಾಂಕ್ರೀಟ್ ಮೇಲೆ ಹಾಸಿದರೆ ನೀರು ಎಲ್ಲಿಗಾದರೂ ಹೋಗಲೇಬೇಕು, ತಗ್ಗಿನಲ್ಲಿರುವ ಮನೆಗೇ ಬರುತ್ತದೆ. ಚರಂಡಿಯ ನಕ್ಷೆ ತೋರಿಸಿ ಅಂತ ಈಗಲೇ ಕೇಳಿ. ಕೃತಕ ಹುಲ್ಲು ಬಿಸಿಲಿಗೆ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಮಧ್ಯಾಹ್ನ ಮಕ್ಕಳು ಅದರ ಮೇಲೆ ಆಡುವುದು ಕಷ್ಟ. ಹಾಗಾಗಿ ಆಟ ಸಂಜೆಗೆ, ರಾತ್ರಿಗೆ ಸರಿಯುತ್ತದೆ. ಆಗ ಫ್ಲಡ್‌ಲೈಟ್ ಬೇಕೇ ಬೇಕು. ನೆರೆಮನೆಯವರು ಈ ಸರಣಿಯನ್ನು ಮೊದಲೇ ಯೋಚಿಸಬೇಕು.

ಹುಲ್ಲಿನ ನಡುವೆ ಉದುರಿಸುವ ರಬ್ಬರ್ ಹರಳುಗಳ ಬಗ್ಗೆಯೂ ಕೇಳಿ. ಅವು ಮಳೆ ನೀರಿನ ಜೊತೆ, ಬೂಟಿನ ಜೊತೆ ಹೊರಗೆ ಬರುತ್ತವೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ನಿಯಮ ಮಾಡಿ 2031ರಿಂದ ಅವುಗಳ ಮಾರಾಟವನ್ನೇ ನಿಲ್ಲಿಸುತ್ತಿದೆ. ಬರೀ ದೂಳಿನ ಚಿಂತೆಯಾದರೆ ಮಣ್ಣಿನ ಮೈದಾನಕ್ಕೆ ಆಟಕ್ಕೆ ಮುಂಚೆ ನೀರು ಚಿಮುಕಿಸುವುದು, ಅಂಚಿಗೆ ಹುಲ್ಲು ಬೆಳೆಸುವುದು ಸಾಕಾಗುತ್ತದೆ.

ಇಬ್ಬರು ಮಕ್ಕಳ ಅಮ್ಮ

ನಾನು ಮೊದಲು ಬರೆದಾಗ ಸಿಟ್ಟಿನಲ್ಲಿದ್ದೆ. ಈಗ ಇನ್ನೊಂದು ಕಡೆಯಿಂದ ಹೇಳುತ್ತೇನೆ. ನಮ್ಮ ಪಕ್ಕದ ಶಾಲೆ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆವರೆಗೆ ಅಕ್ಕಪಕ್ಕದ ಮನೆಯವರಿಗೆ ಗೇಟ್ ತೆರೆದಿಡುತ್ತದೆ. ಹಿರಿಯರು ಸುತ್ತು ಹಾಕುತ್ತಾರೆ, ಬೇರೆ ಶಾಲೆಗೆ ಹೋಗುವ ಮಕ್ಕಳೂ ಬಂದು ಆಡುತ್ತಾರೆ. ನನ್ನ ಮಗಳು ಸೈಕಲ್ ಕಲಿತದ್ದು ಅಲ್ಲೇ. ಅಲ್ಲಿ ಸದ್ದಿನ ಬಗ್ಗೆ ದೂರು ಬಂದದ್ದನ್ನು ನಾನು ಕೇಳಿಲ್ಲ. ಗೇಟು ನಮಗೆ ಮುಚ್ಚಿ, ದುಡ್ಡು ಕೊಟ್ಟವರಿಗೆ ಮಾತ್ರ ತೆರೆದರೆ ಆ ಸದ್ದು ಕಿವಿಗೆ ಬೇರೆ ಥರವೇ ಕೇಳುತ್ತದೆ.

ಕಾನೂನು ಓದಿದವಳು

ಅಕ್ಕ ಹೇಳಿದ್ದು ಜಪಾನಿನ ಕಾನೂನಿನಲ್ಲೇ ಇದೆ. 2011ರ ಕ್ರೀಡಾ ಕಾಯ್ದೆಯ ಪ್ರಕಾರ ಪಾಠಕ್ಕೆ ತೊಂದರೆ ಆಗದ ಹಾಗೆ ಶಾಲೆಯ ಕ್ರೀಡಾ ಸೌಲಭ್ಯವನ್ನು ಸುತ್ತಲಿನ ಜನರಿಗೂ ಒದಗಿಸಲು ಶಾಲೆ ನಡೆಸುವವರು ಪ್ರಯತ್ನಿಸಬೇಕು. ಪ್ಯಾರಿಸ್ಸಿನಲ್ಲಿ ಶಾಲೆ ಅಂಗಳದ ಡಾಂಬರು ಕಿತ್ತು, ಮರ ನೆಟ್ಟು, ಕೆಲವನ್ನು ಶನಿವಾರ ನೆರೆಯವರಿಗೆ ತೆರೆಯುತ್ತಾರೆ. ನಿಮ್ಮ ಮನವಿಯಲ್ಲಿ ಬರೀ "ಬೇಡ" ಇರಬಾರದು, ಇಂಥ ಒಂದು "ಬೇಕು" ಕೂಡ ಇರಲಿ.

ಮೈದಾನದ ಹಿಂದಿನ ಮನೆ

ಎಲ್ಲರಿಗೂ ಧನ್ಯವಾದ. ಬೀದಿಯವರಿಗೆ ಇದನ್ನೆಲ್ಲ ಓದಿ ಹೇಳಿದೆ. ಮನವಿ ಹರಿದು ಹೊಸದು ಬರೆದೆವು. ಹೆಡ್‌ಮೇಡಂ ಕೂರಿಸಿ ಮಾತಾಡಿದರು. ಜಾಲರಿಗೆ ರಬ್ಬರ್ ಹಾಕಿಸಲು ಕೂಡಲೇ ಒಪ್ಪಿದರು, ಕೆಲಸ ಆಗಿದೆ. ಸದ್ದು ಇದೆ, ಆದರೆ ಝಣಝಣ ಹೋಗಿ ದಬ್ ಅನ್ನುವಷ್ಟಕ್ಕೆ ಇಳಿದಿದೆ. ನಮ್ಮ ಕಡೆಯ ಎರಡು ದೀಪಕ್ಕೆ ಮರೆ ಕೂರಿಸುವುದಾಗಿ ಹೇಳಿದ್ದಾರೆ, ಏಣಿಯವರು ಇನ್ನೂ ಬರಬೇಕು. ಮಕ್ಕಳ ಅಭ್ಯಾಸದ ಬಗ್ಗೆ ನಮ್ಮ ಆಕ್ಷೇಪ ಇಲ್ಲ ಅಂತ ಮೊದಲ ಸಾಲಿನಲ್ಲೇ ಬರೆದಿದ್ದೆವು. ಅದನ್ನು ಓದಿದ ಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು.

ಬಾಡಿಗೆ ವೇಳೆ ಮಾತ್ರ ಇತ್ಯರ್ಥ ಆಗಿಲ್ಲ. ನಾವು ಒಂಬತ್ತಕ್ಕೆ ನಿಲ್ಲಲಿ ಅಂದೆವು, ಆಡಳಿತ ಮಂಡಳಿ ಹತ್ತು ಅನ್ನುತ್ತದೆ. ಪಂದ್ಯದ ದಿನ ಗಾಡಿಗಳು ನಮ್ಮ ಗೇಟಿನ ಮುಂದೆ ನಿಲ್ಲುವುದೂ ಹಾಗೇ ಇದೆ. ಗಲಾಟೆ ಆದಾಗ ಕರೆ ಮಾಡಲು ಒಂದು ನಂಬರ್ ಕೊಡಿ ಅಂತಲೂ ಕೇಳಿದ್ದೇವೆ.

ಒಂದು ವಿಷಯ ಉಳಿದಿದೆ. ಕ್ರಿಕೆಟ್ ಚೆಂಡು ನಮ್ಮ ಹಿತ್ತಲಿಗೆ ಬೀಳುವುದು. ಬಲೆ ಹಾಕಿಸುತ್ತೇವೆ ಅಂದಿದ್ದಾರೆ, ಎಷ್ಟು ಎತ್ತರ ಬೇಕೋ ಅವರಿಗೂ ಗೊತ್ತಿಲ್ಲ. ಪಿಚ್ಚನ್ನೇ ತಿರುಗಿಸಿದರೆ ಹೇಗೆ?

ಪಿಟಿ ಮೇಷ್ಟ್ರು

ತಿರುಗಿಸಬೇಡಿ. ಪಿಚ್ಚನ್ನು ಉತ್ತರ ದಕ್ಷಿಣವಾಗಿ ಹಾಕುವುದಕ್ಕೆ ಕಾರಣ ಇದೆ. ಪೂರ್ವ ಪಶ್ಚಿಮ ಆದರೆ ಬೆಳಿಗ್ಗೆ, ಸಂಜೆ ಸೂರ್ಯ ನೇರ ಬ್ಯಾಟ್ಸ್‌ಮನ್ನನ ಕಣ್ಣಿಗೆ ಹೊಡೆಯುತ್ತಾನೆ. 160 ಗ್ರಾಂ ಹತ್ತಿರ ತೂಗುವ ಗಟ್ಟಿ ಚೆಂಡು ಕಾಣದೆ ಮಕ್ಕಳಿಗೆ ಪೆಟ್ಟಾಗುತ್ತದೆ. ಅದರ ಬದಲು ಪಿಚ್ಚನ್ನು ಹಾಗೇ ಆಚೆ ಕಡೆಗೆ ಸರಿಸಿ. ಎರಡು ತುದಿಯಿಂದಲೂ ಬ್ಯಾಟಿಂಗ್ ಮಾಡಿಸಬೇಡಿ, ಹೊಡೆತ ನಿಮ್ಮ ಮನೆಗೆ ಬೆನ್ನಾಗಿ ಹೋಗುವ ತುದಿಯಿಂದ ಮಾತ್ರ ಆಡಿಸಲಿ. ಚಿಕ್ಕ ಮಕ್ಕಳಿಗೆ ಮೆತ್ತನೆ ಚೆಂಡು ಕೊಡಲಿ. ಬಲೆಯ ಎತ್ತರವನ್ನು ಊಹೆಯಲ್ಲಿ ಹೇಳುವುದಕ್ಕಾಗುವುದಿಲ್ಲ. ಪಿಚ್ಚಿನಿಂದ ಗೋಡೆಗೆ ಎಷ್ಟು ದೂರ, ಯಾವ ವಯಸ್ಸಿನವರು ಆಡುತ್ತಾರೆ, ನಿಮ್ಮ ಹಿತ್ತಲಲ್ಲಿ ಚೆಂಡು ಬೀಳುವ ಜಾಗ ಯಾವುದು, ಮೂರನ್ನೂ ಅಳೆದು ಬರೆದು ಹಾಕಿ. ಗೋಡೆಗೆ ಸವರಿಕೊಂಡೇ ಬೀಳುತ್ತಿದ್ದರೆ ಸ್ವಲ್ಪ ಎತ್ತರಿಸಿದರೆ ನಿಲ್ಲುತ್ತದೆ, ಹಿತ್ತಲ ನಡುವೆ ಬೀಳುತ್ತಿದ್ದರೆ ಪಿಚ್ ಸರಿಸದೆ ಬೇರೆ ದಾರಿಯಿಲ್ಲ.